ಕೊಯಮತ್ತೂರಿನಲ್ಲಿ ಮನೆ ನೋಡಿ ಬಂದೆವು

ಮೈಸೂರಿನಲ್ಲಿ ಕೊಯಮತ್ತೂರಿನ ಬಸ್ಸು ಹತ್ತಿದಾಗ ನಮ್ಮವರು ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಸಂಸಾರದಲ್ಲಿ ಅವರು ಕಿಟಕಿ ಸೀಟನ್ನು ಯಾರಿಗೂ, ಈಗ ಹಾಸ್ಟೆಲಿನಲ್ಲಿ ಓದುವ ಮಗಳಿಗೂ ಬಿಟ್ಟವರಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಏಪ್ರಿಲ್ ತಿಂಗಳ ಬೆಳಗಿನ ತಂಗಾಳಿ ಮುಖಕ್ಕೆ ಬೀಸುತ್ತಿತ್ತು, ಸುಖವಾಗಿ ಕೂತುಕೊಂಡೆ.

ಹೋದ ಕಾರಣ ಹೇಳಿಬಿಡುತ್ತೇನೆ. ನಮ್ಮವರು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಡೈಯಿಂಗ್ ಮಾಸ್ತರು. ಮೈಸೂರಿನ ಕಾರ್ಖಾನೆ ಬಾಗಿಲು ಹಾಕುವ ಸೂಚನೆ ಕೊಟ್ಟಿತ್ತು. ತಿರುಪ್ಪೂರಿನ ಬನಿಯನ್ ಕಂಪನಿಯೊಂದು ಇವರನ್ನು ಕರೆದಿತ್ತು. ‘ತಿರುಪ್ಪೂರು ನಿನಗೆ ಹಿಡಿಸಲ್ಲ ಸುಧಾ, ಬರೀ ಧೂಳು. ಕೊಯಮತ್ತೂರಿನಲ್ಲಿ ಮನೆ ಮಾಡೋಣ, ನಾನು ದಿನಾ ಓಡಾಡ್ತೀನಿ. ಅದು ಬೆಂಗಳೂರಿನ ಹಾಗೆ ದೊಡ್ಡ ಊರೂ ಅಲ್ಲ, ಚಿಕ್ಕ ಊರೂ ಅಲ್ಲ. ನಾನೂ ಸರಿಯಾಗಿ ನೋಡಿಲ್ಲ. ಇಬ್ಬರೂ ಹೋಗಿ ನೋಡಿ, ತೂಗಿ, ನೀನು ಹ್ಞೂಂ ಅಂದರೆ ಮಾತ್ರ’ ಅಂದಿದ್ದರು. ‘ನೀನು ಹ್ಞೂಂ ಅಂದರೆ ಮಾತ್ರ’ ಅನ್ನುವ ಮಾತು ನನಗೆ ಬಹಳ ಹಿಡಿಸಿತ್ತು. ಮದುವೆಯಾದ ಮೇಲೆ ಅಂಥ ಮಾತು ಕೇಳಿದ್ದು ಅಪರೂಪ.

ತೂಗುವುದಕ್ಕೆ ನನ್ನ ಕಡೆ ಇದ್ದದ್ದು ಒಂದೇ ವಸ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ನನಗೆ ಬರುವ ಕೆಲಸ ಅದೊಂದೇ, ಅದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಕೊಯಮತ್ತೂರಿನಲ್ಲಿ ಆ ಕೆಲಸ ಯಾರಿಗೆ ಬೇಕು?

ದಾರಿ ಹೆಚ್ಚೂಕಡಿಮೆ ಇನ್ನೂರು ಕಿಲೋಮೀಟರು. ನಮ್ಮ ಸರ್ಕಾರದ ಹೆಂಗಸರ ಉಚಿತ ಟಿಕೆಟು ಗಡಿ ದಾಟುವ ಬಸ್ಸಿಗೆ ನಡೆಯುವುದಿಲ್ಲ, ದುಡ್ಡು ಕೊಟ್ಟೆವು. ಚಾಮರಾಜನಗರ ಕಳೆದು, ಹಾಸನೂರಿನಲ್ಲಿ ಟೀ ಕುಡಿದು, ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದೆವು. ಪ್ರತಿ ತಿರುವಿನಲ್ಲೂ ಎದುರಿನ ಲಾರಿ ಹಿಂದೆ ಸರಿಯಬೇಕು, ಇಲ್ಲವೇ ನಮ್ಮ ಬಸ್ಸು ಕಾಯಬೇಕು. ಕೆಳಗೆ ಬಣ್ಣಾರಿಯಲ್ಲಿ ಬಿಸಿಲು ರಪ್ಪೆಂದು ಹೊಡೆಯಿತು. ಸತ್ಯಮಂಗಲ, ಪುಳಿಯಂಪಟ್ಟಿ, ಅಣ್ಣೂರು. ಬೋರ್ಡುಗಳಲ್ಲಿ ನನ್ನ ಅಕ್ಷರ ಒಂದೂ ಇರಲಿಲ್ಲ. ಊರಿನಲ್ಲಿ ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೂ ನಿಂತು ಮಾಲೀಕರಿಗೆ ಹೇಳಿ ಬರುವವಳು ನಾನು. ಇಲ್ಲಿ ತಪ್ಪು ಹುಡುಕುವ ಯೋಗ್ಯತೆಯೂ ನನಗಿಲ್ಲ ಅನ್ನಿಸಿತು.

ಗಾಂಧಿಪುರದಲ್ಲಿ ಇಳಿದು ಪೀಳಮೇಡಿಗೆ ಟೌನ್ ಬಸ್ಸು ಹತ್ತಿದೆವು. ಅಲ್ಲಿ ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ. ‘ನೋಡು, ನಿನಗೆ ಇಲ್ಲೂ ಫ್ರೀ’ ಎಂದು ನಮ್ಮವರು ದೊಡ್ಡ ಲಾಭ ಕಂಡವರಂತೆ ನಕ್ಕರು. ನಾನೂ ನಕ್ಕೆ. ಪೀಳಮೇಡು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕಾಲೇಜಿನ ಮಕ್ಕಳು, ನೆರಳಿನ ಅಡ್ಡರಸ್ತೆಗಳು, ಹೆಜ್ಜೆಗೊಂದು ಬೇಕರಿ. ನಮಗೆ ತೋರಿಸಿದ ಮನೆ ಎರಡನೇ ಮಹಡಿಯಲ್ಲಿ. ಅಡುಗೆಮನೆಯ ಕಿಟಕಿಯಿಂದ ಬೇವಿನ ಮರ, ಮೇಲೆ ಆಗಾಗ ಇಳಿಯುವ ವಿಮಾನ. ಮನೆಯ ಯಜಮಾನರು ನಿವೃತ್ತ ಮಿಲ್ ಅಧಿಕಾರಿ, ವಯಸ್ಸಾದವರು. ಒಂದು ಲೋಟ ನೀರು ಕೊಟ್ಟು, ಸಿರುವಾಣಿ ಹೊಳೆಯ ನೀರು, ಕುಡಿದು ಹೇಳಿ ಅಂದರು. ನಿಜಕ್ಕೂ ಸಿಹಿಯಾಗಿತ್ತು.

ಆಮೇಲೆ ನಮ್ಮವರ ಕಡೆ ತಿರುಗಿ ‘ಮೇಡಂ ಎನ್ನ ವೇಲೆ?’ ಎಂದು ನನ್ನ ಕೆಲಸದ ಬಗ್ಗೆ ವಿಚಾರಿಸಿದರು. ಕನ್ನಡ ಟೀಚರ್ ಎಂದು ನಾನೇ ಹೇಳಿದೆ. ಅವರು ಯಾರಿಗೋ ಕಾಯಿಲೆ ಎಂದು ಕೇಳಿದವರಂತೆ ತಲೆಯಾಡಿಸಿದರು. ‘ಹಿಂದಿ ತೆರಿಯುಮಾ?’ ಅಂದರು. ಹಿಂದಿ ಬಂದರೆ ಈ ಬೀದಿಯಲ್ಲೇ ಟ್ಯೂಷನ್ನಿಗೆ ಮಕ್ಕಳು ಸಾಲು ನಿಲ್ಲುತ್ತಾರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅದಕ್ಕೇ ಹೆಚ್ಚು ಚುಚ್ಚಿತು. ಅವರು ಬಾಡಿಗೆಯ ಮಾತು ಎತ್ತಲೇ ಇಲ್ಲ. ದೊಡ್ಡ ಮನುಷ್ಯರು, ಹೆಂಗಸರ ಮುಂದೆ ವ್ಯವಹಾರ ಬೇಡ ಅಂದುಕೊಂಡರೇನೋ ಎಂದು ನಾನು ಭಾವಿಸಿದೆ.

ರಾತ್ರಿ ಲಾಡ್ಜಿನಲ್ಲಿ ನಮ್ಮವರು ‘ಏನನ್ನಿಸ್ತು?’ ಎಂದು ಕೇಳಿದರು. ಮನೆ ಚೆನ್ನಾಗಿದೆ, ನನಗೆ ಇಲ್ಲಿ ಕೆಲಸ ಇಲ್ಲ ಎಂದೆ. ‘ಇನ್ನೂ ನೋಡೋಣ, ಅವಸರ ಏನಿಲ್ಲ’ ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ಮರುದಿನ ಶನಿವಾರ ತಿರುಪ್ಪೂರಿಗೆ ಹೊರಟೆವು. ದಾರಿಯಲ್ಲಿ ಸೂಲೂರಿನಲ್ಲಿ ಇಳಿದು ಇನ್ನೊಂದು ಮನೆ ನೋಡಿದೆವು. ಅಂಗಳ ದೊಡ್ಡದು, ಬೋರಿನ ನೀರು ಉಪ್ಪು. ನಮ್ಮವರು ಆ ಮನೆಯ ಒಂದು ಕೋಣೆಗೂ ಸರಿಯಾಗಿ ಕಾಲಿಡಲಿಲ್ಲ, ಬಾಗಿಲಲ್ಲೇ ನಿಂತು ಫೋನು ನೋಡುತ್ತಿದ್ದರು. ಅಲ್ಲಿಂದ ತಿರುಪ್ಪೂರು ಮುಟ್ಟುವಷ್ಟರಲ್ಲಿ ಊಟದ ಹೊತ್ತು. ಬೀದಿ ಬೀದಿಯಲ್ಲೂ ಕತ್ತರಿಸಿದ ಬನಿಯನ್ ಬಟ್ಟೆಯ ಚೂರುಗಳ ಮೂಟೆ, ಮೂಟೆ ಹೊತ್ತ ಟೆಂಪೋ, ಬಿಹಾರ ಒಡಿಶಾದ ಹುಡುಗಿಯರು ಗುಂಪು ಗುಂಪಾಗಿ. ನೊಯ್ಯಲ್ ಹೊಳೆಯ ಸೇತುವೆಯ ಮೇಲೆ ಮೂಗು ಮುಚ್ಚಿಕೊಂಡೆ. ಕಂಪನಿಯನ್ನು ಹೊರಗಿನಿಂದ ತೋರಿಸಿ, ‘ಒಳಗೆ ಬಿಡಲ್ಲ, ಪರ್ಮಿಷನ್ ಬೇಕು’ ಅಂದರು.

ಕಂಪನಿಯ ಹಿಂದಿನ ರಸ್ತೆಯಲ್ಲಿ ಒಬ್ಬ ಹೆಂಗಸು ನಡೆಸುವ ಮೆಸ್ಸಿಗೆ ಊಟಕ್ಕೆ ಹೋದೆವು. ಬಾಳೆಲೆ ಹಾಕಿದರು. ಅರಿಸಿ ಪರುಪ್ಪು ಸಾದ ಎಂದು ಅಕ್ಕಿ ಬೇಳೆ ಸೇರಿಸಿ ಮಾಡಿದ ಬಿಸಿ ಅನ್ನ, ಮೇಲೆ ತುಪ್ಪ. ಹುರುಳಿಯ ಗಟ್ಟಿ ಕಟ್ಟು. ನಮ್ಮವರಿಗೆ ಹುಣ್ಣಿನ ಹೊಟ್ಟೆ. ರಸಂ ಮುಟ್ಟುವುದಿಲ್ಲ, ಊಟದ ಜೊತೆ ಬಿಸಿನೀರು ಬೇಕೇ ಬೇಕು. ಯಾವ ಹೋಟೆಲಿಗೆ ಹೋದರೂ ನಾನು ಮೊದಲು ಹೇಳುವುದು ಅದನ್ನೇ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಹೆಂಗಸು ಅವರ ಎಲೆಯ ಪಕ್ಕದಲ್ಲಿ ಹೊಗೆಯಾಡುವ ಬಿಸಿನೀರಿನ ಲೋಟ ಇಟ್ಟರು.

‘ಸಾರುಕ್ಕು ರಸಂ ವೇಂಡಾಂ. ಮೋರು ತಾನುಂಗ’ ಅಂದರು. ಸಾಹೇಬರಿಗೆ ರಸಂ ಬೇಡ, ಮಜ್ಜಿಗೆ ತಾನೆ. ಅಷ್ಟು ಹೇಳಿ ನನಗೆ ರಸಂ ಬಡಿಸಿ ಮುಂದೆ ಹೋದರು.

ನಮ್ಮವರು ಎಲೆಯಿಂದ ತಲೆ ಎತ್ತಲಿಲ್ಲ. ಕಿವಿ ಕೆಂಪಾಗಿತ್ತು. ನಾನು ರಸಂ ಕಲಸಿಕೊಂಡು ಊಟ ಮಾಡಿದೆ. ರುಚಿಯಾಗಿತ್ತು ಅಂತ ಈಗ ನೆನಪಾಗುತ್ತದೆ. ಒಂದು ಸಲ ಬಂದು ಉಂಡವನ ಹೊಟ್ಟೆಯ ಹುಣ್ಣು ಮೆಸ್ಸಿನವರಿಗೆ ನೆನಪಿರುವುದಿಲ್ಲ. ಕಳೆದ ತಿಂಗಳು ‘ಹೈದರಾಬಾದಿನಲ್ಲಿ ಟ್ರೇನಿಂಗು’ ಎಂದು ಒಂದು ವಾರ ಹೋಗಿದ್ದರು. ಆ ಹೈದರಾಬಾದು ಇಲ್ಲಿತ್ತು. ಕೇಳಿಬಿಡಬಹುದಿತ್ತು. ಸಿಟ್ಟು ಎಷ್ಟು ಬಂದಿತ್ತೆಂದರೆ ಕೇಳುವುದಕ್ಕೂ ಮನಸ್ಸಾಗಲಿಲ್ಲ. ಎಲ್ಲಾ ಮುಗಿಸಿಟ್ಟು ನನ್ನನ್ನು ತಕ್ಕಡಿಯ ಮುಂದೆ ಕೂರಿಸಿದ ಮನುಷ್ಯ ಇನ್ನೂ ಎಷ್ಟು ದೂರ ನಾಟಕ ಆಡುತ್ತಾರೆ, ನೋಡಿಯೇ ಬಿಡೋಣ ಎನ್ನಿಸಿತು.

ಸಂಜೆಗೆ ಅವಿನಾಶಿ, ಅಣ್ಣೂರಿನ ಮೇಲೆ ಮೇಟ್ಟುಪಾಳಯಕ್ಕೆ ಬಂದು, ಅಲ್ಲಿಂದ ಸಿರುಮುಗೈಗೆ ಹೋದೆವು. ಅಲ್ಲಿ ನಮ್ಮವರ ಸೋದರತ್ತೆಯ ಮನೆ. ಭವಾನಿ ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಬೀದಿಯ ತುಂಬ ಮಗ್ಗದ ಸದ್ದು. ಅತ್ತೆಯ ಮನೆಯವರೂ ನಮ್ಮ ಹಾಗೆ ನೇಯ್ಗೆಯ ಕುಲದವರೇ, ತಲೆಮಾರುಗಳಿಂದ ಅಲ್ಲೇ ರೇಷ್ಮೆ ಸೀರೆ ನೇಯುತ್ತಿರುವವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅತ್ತೆಗೆ ಎಂದು ನಾನು ಮೈಸೂರಿನಿಂದ ಒಂದು ಗೋಡೆ ಕ್ಯಾಲೆಂಡರು ತಂದಿದ್ದೆ. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡರು.

‘ದೇವೀದು ಪಟ ಎಷ್ಟು ಅಳಗಾಗಿದೆ ಕಣ್ಣು. ಕೆಳಗೆ ಏನು ಬರೆದವ್ರೆ?’ ಎಂದು ಕೇಳಿದರು. ಕಣ್ಣು ಅನ್ನುವುದು ಅವರು ಮುದ್ದಿನಿಂದ ಕರೆಯುವ ಮಾತು. ಅಮಾವಾಸ್ಯೆ, ಹುಣ್ಣಿಮೆ, ಹಬ್ಬ ಎಂದೆ. ‘ನಮಗೆ ಓದೋಕೆ ವರಲ್ಲ. ಪಟ ಮಟ್ಟುಂ ಕತ್ತರಿಸಿ ಗೋಡೆಗೆ ಮಾಟುತ್ತೀನಿ’ ಎಂದು ನನ್ನೆದುರಿಗೇ ಕತ್ತರಿ ತಂದು, ಅಕ್ಷರವಿದ್ದ ಅರ್ಧವನ್ನು ಬೇರೆ ಮಾಡಿ ಒಲೆಯ ಪಕ್ಕ ಇಟ್ಟರು. ಪ್ರೀತಿಯ ಮನೆಯಲ್ಲೇ ನನ್ನ ವಿದ್ಯೆಗೆ ಇದ್ದ ಬೆಲೆ ಅಷ್ಟು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಊಟ ಆದ ಮೇಲೆ ನಮ್ಮವರು ಊರು ಬದಲಿಸುವ ಮಾತು ತೆಗೆದರು. ಅತ್ತೆ ಅವರನ್ನು ಒಂದು ಗಳಿಗೆ ನೋಡಿದರು. ‘ಅಪ್ಪುರ ಏನು, ನಾಳೆ ಅಮ್ಮನ ಮುಂದೆ ಪೂವಾಕ್ಕು ಕೇಳಿಬಿಡೋಣ’ ಅಂದರು. ಆ ಕಡೆ ಹೆಣ್ಣು ಕೊಡುವುದಾದರೂ, ಬಾವಿ ತೋಡುವುದಾದರೂ ಹೂವಿನ ವಾಕ್ಕು ಕೇಳದೆ ಮುಂದುವರಿಯುವುದಿಲ್ಲ. ಬಿಳಿ ಹೂವೊಂದು, ಕೆಂಪು ಹೂವೊಂದು, ಬೇರೆ ಬೇರೆ ಎಲೆಯಲ್ಲಿ ಮಡಿಸಿ ಕಟ್ಟಿ ದೇವಿಯ ಮುಂದೆ ಇಡುತ್ತಾರೆ. ಏನೂ ತಿಳಿಯದ ಮಗುವಿನ ಕೈಯಲ್ಲಿ ಒಂದು ಪೊಟ್ಟಣ ತೆಗೆಸುತ್ತಾರೆ. ಬಿಳಿ ಬಂದರೆ ಆಗಲಿ, ಕೆಂಪು ಬಂದರೆ ಬೇಡ.

‘ಅದೇ ಸರಿ. ಅಮ್ಮ ಏನು ಹೇಳ್ತಾಳೋ ಹಾಗೆ’ ಎಂದು ನಮ್ಮವರು ಕೈಮುಗಿದರು. ಆ ಭಕ್ತಿ ನೋಡಿ ನನ್ನ ಮೈ ಉರಿದುಹೋಯಿತು.

ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ನಂದಿಬಟ್ಟಲು, ಕೆಂಪು ಕಣಗಿಲೆ, ಎರಡು ಬಾಳೆಲೆಯ ತುಂಡು, ಮಗ್ಗದಲ್ಲಿ ಉಳಿದ ರೇಷ್ಮೆ ನೂಲಿನ ಎಳೆ, ಎಲ್ಲವನ್ನೂ ನನ್ನ ಮಡಿಲಿಗೆ ಹಾಕಿದರು.

‘ನೀ ಕಟ್ಟು ಕಣ್ಣು.’

‘ಅವರು ಕಟ್ಟಲಿ ಅತ್ತೆ, ಪ್ರಶ್ನೆ ಅವರದು.’

‘ನಮ್ಮ ಮನೇಲಿ ಯಾರು ಕಟ್ಟುತ್ತಾರೋ ಕೇಳ್ವಿ ಅವರದೇ. ಮನಸ್ಸಲ್ಲಿ ನೆನೆದು ಕಟ್ಟಬೇಕು. ಯಾರ ಕಿಟ್ಟಯೂ ಹೇಳಬಾರದು, ಹೂವು ಬಂದ ಮೇಲೆ ಹೇಳಬಹುದು.’ ಆಮೇಲೆ ಬಚ್ಚಲಿನ ಕಡೆ ನೋಡಿ, ದನಿ ತಗ್ಗಿಸಿದರು. ‘ಅವ ಹೋದ ತಿಂಗಳು ಇಲ್ಲಿ ಬಂದಿದ್ದ. ಕಂಪನಿಗೆ ಸರಿ ಅಂತ ಹೇಳಿಬಿಟ್ಟೆ, ಸುಧಂಗೆ ಹೇಳಬೇಡ ಅತ್ತೆ ಅಂದ. ನನಗೆ ಎರಡು ವಾರ ನಿದ್ದೆ ಇಲ್ಲೆ. ಅದಕ್ಕೇ ನಿನ್ನ ಕೈಗೆ ಕೊಟ್ಟೆ.’

ನಾನು ಕಟ್ಟಿದೆ. ಎರಡರಲ್ಲೂ ಕೆಂಪನ್ನೇ ಇಡುವ ಆಸೆ ಬಂತು, ಹೂವಿನ ಗಿಡ ಅಲ್ಲೇ ಇತ್ತು. ಇಡಲಿಲ್ಲ. ಮೋಸ ಮಾಡುವವರು ಒಂದು ಮನೆಗೆ ಒಬ್ಬರು ಸಾಕು. ಒಂದು ಬಿಳಿ, ಒಂದು ಕೆಂಪು ಇಟ್ಟು, ರೇಷ್ಮೆ ಎಳೆ ಸುತ್ತಿ, ಗಂಟು ಹಾಕುವಾಗ ನನ್ನ ಪ್ರಶ್ನೆ ನೆನೆದೆ. ಅಮ್ಮಾ, ಇವರು ಹೋಗಲಿ, ನಾನು ಮೈಸೂರಿನಲ್ಲೇ ನನ್ನ ಶಾಲೆಯಲ್ಲಿ ಉಳಿಯಲೇ?

ದೇವರ ಕೋಣೆಯಲ್ಲಿ ಅಮ್ಮನ ಮುಂದೆ ಪಕ್ಕದ ಮನೆಯ ಪುಟ್ಟ ಹುಡುಗಿ ಬಂದು ಒಂದು ಪೊಟ್ಟಣ ತೆಗೆದಳು. ಅತ್ತೆ ಎಳೆ ಬಿಚ್ಚಿದರು. ನಂದಿಬಟ್ಟಲು. ನಮ್ಮವರ ಮುಖ ಅರಳಿತು. ಹೂವನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, ಇಡ್ಲಿ ತಣ್ಣಗಾಗುತ್ತದೆ ಎಂದು ಒಳಗೆ ಹೋದರು.

ಸತ್ಯಮಂಗಲಕ್ಕೆ ಬಂದು ಮೈಸೂರಿನ ಬಸ್ಸು ಹಿಡಿದೆವು. ಈ ಸಲ ಕಿಟಕಿ ಪಕ್ಕ ಅವರೇ ಕೂತರು. ಘಟ್ಟ ಹತ್ತುವಾಗ ಅವರ ಬಾಯಿಗೆ ಬಿಡುವಿಲ್ಲ. ಪೀಳಮೇಡಿನ ಮನೆಗೆ ಯಾವ ಪರದೆ ಒಪ್ಪುತ್ತದೆ, ಗೋದ್ರೆಜ್ ಬೀರು ಎರಡನೇ ಮಹಡಿಗೆ ಹೇಗೆ ಹತ್ತಿಸುವುದು. ‘ಅಮ್ಮನೇ ಬಿಳಿ ಹೂವು ಕೊಟ್ಟ ಮೇಲೆ ಇನ್ನು ನಿನ್ನದೇನೂ ತಕರಾರಿಲ್ಲ ಅಲ್ವಾ?’ ಅಂದರು.

‘ಹೂವು ಕಟ್ಟಿದ್ದು ನಾನು’ ಎಂದೆ. ‘ಕಟ್ಟಿದವರ ಪ್ರಶ್ನೆಗೆ ಉತ್ತರ. ನಾನು ಮೈಸೂರಿನಲ್ಲೇ ಇರಲೇ ಅಂತ ಕೇಳಿದ್ದೆ.’

ಅವರು ನಕ್ಕರು. ನಾನು ನಗಲಿಲ್ಲ.

‘ಅದು ಮೋಸ ಸುಧಾ.’

‘ಮೆಸ್ಸಿನವರು ಬಿಸಿನೀರು ತಂದಿಟ್ಟಾಗ ನನಗೆ ಗೊತ್ತಾಯ್ತು. ಬಾಡಿಗೆ ಮಾತೇ ಬರಲಿಲ್ಲ, ಪೀಳಮೇಡಿನ ಮನೇನೂ ಆಗಲೇ ಗೊತ್ತುಮಾಡಿದ್ದೀರಲ್ಲ?’

ಅವರು ಜೇಬಿನ ಹೂವನ್ನು ಮುಟ್ಟಿ ನೋಡಿಕೊಂಡರು. ‘ಹೇಳೋದಕ್ಕೆ ಒಳ್ಳೇ ಸಮಯ ಕಾಯ್ತಿದ್ದೆ. ಕೇಳಿದ್ದರೆ ನೀನು ಬೇಡ ಅಂತಿದ್ದೆ’ ಅಂದರು.

ಅದು ನಿಜ. ಬೇಡ ಅನ್ನುತ್ತಿದ್ದೆ. ಹತ್ತು ದಿನ ಜಗಳ ಆಡುತ್ತಿದ್ದೆ, ಅಳುತ್ತಿದ್ದೆ. ಕೆಲಸ ಹೋಗುವ ಗಂಡಸಿನ ಕಷ್ಟವೂ ನನಗೆ ಗೊತ್ತು. ಹನ್ನೊಂದನೇ ದಿನ ಬಹುಶಃ ಹ್ಞೂಂ ಅನ್ನುತ್ತಿದ್ದೆನೋ ಏನೋ. ಇನ್ನು ಅದನ್ನು ತಿಳಿಯುವ ದಾರಿ ಇಲ್ಲ. ಕೊಯಮತ್ತೂರಿನ ಮೇಲೆ ನನಗೆ ಸಿಟ್ಟಿಲ್ಲ. ನೀರು ಸಿಹಿ, ಜನ ಮರ್ಯಾದಸ್ಥರು, ಮನೆಗೆ ಬೇವಿನ ನೆರಳು. ಅಲ್ಲಿಗೆ ಹೋಗುವವರು ಧಾರಾಳವಾಗಿ ಹೋಗಲಿ.

ಮೈಸೂರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಮನೆಯಲ್ಲಿ ಅನ್ನಕ್ಕಿಟ್ಟು ಎರಡು ತಟ್ಟೆ ಹಾಕಿದೆ. ನಮ್ಮವರು ಬಂದು ಕೂತು, ತಟ್ಟೆಯ ಬಲಗಡೆ ನೋಡಿದರು. ಅಲ್ಲಿ ಲೋಟ ಇರಲಿಲ್ಲ. ಒಲೆಯ ಮೇಲೆ ನೀರು ಕಾದಿತ್ತು, ನಾನು ನನ್ನ ಪಾಡಿಗೆ ಕಲಸಿಕೊಳ್ಳುತ್ತಿದ್ದೆ. ಅವರು ಸ್ವಲ್ಪ ಹೊತ್ತು ಕಾದರು.

‘ಒಂದು ಲೋಟ ಬಿಸಿನೀರು ಕೊಡ್ತೀಯಾ?’ ಎಂದರು.

ಎದ್ದು ಹೋಗಿ ಕೊಟ್ಟೆ. ಮೂರು ದಿನದಲ್ಲಿ ಅವರು ಉತ್ತರ ಗೊತ್ತಿಲ್ಲದೆ ನನ್ನನ್ನು ಕೇಳಿದ ಪ್ರಶ್ನೆ ಅದೊಂದೇ.