ಹೊನ್ನಿ ಹೊಳೆ ದಾಟಿದಳೆಂದು ಹೇಳಿದವಳು

ಶಾಂತಾ, ನಿನ್ನನ್ನು ಸುಳ್ಳುಗಾರ್ತಿ ಮಾಡಿದವಳು ನಾನು. ನಿನ್ನ ಅತ್ತೆಯಲ್ಲ, ನನ್ನ ಅತ್ತೆಯೂ ಅಲ್ಲ — ನಾನು. ಹೊನ್ನಿಯ ಚಿತ್ರಕಥೆ ನಿಂತುಹೋಗಿದೆ ಎಂದು ನೀನು ಹೇಳಿದ್ದು ನಿಜವಾಗಿತ್ತು. ನಿಜವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅದು ಎರಡನೇ ಮಹಾಯುದ್ಧದ ಲಡಾಯಿಯ ಕಾಲ. ಧಾರವಾಡದಿಂದ ಟಪಾಲಿನಲ್ಲಿ ಒಂದು ಮಾಸಪತ್ರಿಕೆ ಬರುತ್ತಿತ್ತು — ಕಲ್ಯಾಣಿಯಲ್ಲಿ ನಮ್ಮ ಮನೆಗೊಂದು, ಹುಮನಾಬಾದಿನಲ್ಲಿ ನಿಮ್ಮ ಮನೆಗೊಂದು. ನಮ್ಮಿಬ್ಬರ ಅತ್ತೆಯಂದಿರು ಅಕ್ಕತಂಗಿಯರಲ್ಲವೇ. ಅಕ್ಕನ ಮನೆಗೆ ಬಂದದ್ದು ತಂಗಿಯ ಮನೆಗೂ ಬರಲೇಬೇಕು! ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ನಮ್ಮ ಸೀಮೆಯ ಸಾಲೆಗಳಲ್ಲೆಲ್ಲ ಉರ್ದುವೇ ಇದ್ದ ಆ ದಿನಗಳಲ್ಲಿ ಕನ್ನಡ ಓದುವ ಸೊಸೆ ಸಿಕ್ಕಿದ್ದಾಳೆಂದು ಇಬ್ಬರಿಗೂ ಜಂಬವೋ ಜಂಬ. ನಾವು ಓದಬೇಕು, ಅವರು ಚಿತ್ರ ನೋಡಬೇಕು. ಕೊನೆಯ ಪುಟದ ಆರು ಚೌಕಗಳಲ್ಲಿ ಹೊನ್ನಿ — ಕಾಣೆಯಾದ ಅಪ್ಪನನ್ನು ಹುಡುಕಿಕೊಂಡು ಕತ್ತೆಯೇರಿ ಹೊರಟ ಮೊಂಡು ಹುಡುಗಿ. ತಿಂಗಳಿಡೀ ಅದೇ ಪುಟ ಓದಿದರೂ ನಮ್ಮತ್ತೆಗೆ ಬೇಸರವಿಲ್ಲ.

ನನಗೋ, ಹೊನ್ನಿಗಿಂತ ಆ ಹೊತ್ತು ದೊಡ್ಡದು. ಭಾಂಡೆ ತಿಕ್ಕಿ ಮುಗಿದ ಮೇಲೆ, ಜೋಳ ಬೀಸಲು ಕೂರುವ ಮುಂಚೆ, ಅತ್ತೆ ನನ್ನನ್ನು ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಯಾರಾದರೂ ಕೆಲಸಕ್ಕೆ ಕರೆದರೆ, "ಆಕಿ ಓದಾಕತ್ತಾಳ, ಕಾಣಂಗಿಲ್ಲೇನು?" ಎಂದು ಸಿಡುಕುತ್ತಿದ್ದರು. ಇಡೀ ದಿನದಲ್ಲಿ ನನ್ನ ಬೆನ್ನಿಗೆ ಸಿಗುತ್ತಿದ್ದ ಆರಾಮು ಅದೊಂದೇ.

ಒಂದು ಸಂಚಿಕೆಯಲ್ಲಿ ಹೊನ್ನಿಯ ಕತ್ತೆ ನಡುಹೊಳೆಯಲ್ಲಿ ಕುತ್ತಿಗೆತನಕ ಮುಳುಗಿ ನಿಂತಿತು. ಮುಂದಿನ ಸಂಚಿಕೆಯಲ್ಲಿ ಚಿತ್ರವೇ ಇಲ್ಲ. ಕಾಗದದ ಅಭಾವದಿಂದ ಚಿತ್ರಕಥೆ ನಿಲ್ಲಿಸಿದ್ದೇವೆ, ಓದುಗರು ಕ್ಷಮಿಸಬೇಕು — ಎರಡೇ ಸಾಲು. ನನಗೆ ಅಳು ಒತ್ತರಿಸಿ ಬಂತು. ಹುಡುಗಿಯನ್ನು ದಡಕ್ಕಾದರೂ ಮುಟ್ಟಿಸಿ ನಿಲ್ಲಿಸಬಾರದಿತ್ತೇ, ಪುಣ್ಯಾತ್ಮರು! ಆದರೆ ಅತ್ತೆ ಎದುರಿಗೇ ಕೂತಿದ್ದರು. ಕಥೆ ಇಲ್ಲವೆಂದರೆ ಗೋಡೆಗೆ ಒರಗುವುದೂ ಇಲ್ಲ... ಒಂದು ಪುಟ ಹಿಂದೆ ತಿರುವಿದೆ. ಕೂದಲೆಣ್ಣೆಯ ಜಾಹೀರಾತು, ಉದ್ದ ಕೂದಲು ಹರವಿಕೊಂಡ ಹೆಂಗಸು.

"ಹೊನ್ನಿ ಹೊಳಿ ದಾಟಿದ್ಲರಿ ಅತ್ತಿ. ತಲಿ ಒಣಗಿಸಾಕತ್ತಾಳ."

"ಕತ್ತಿ ಎಲ್ಲ್ಯದ?"

"ಮೇಯಾಕ ಹೋಗ್ಯಾದ್ರಿ."

ಅತ್ತೆ ನಿಟ್ಟುಸಿರು ಬಿಟ್ಟು, ಪುಟಕ್ಕೆ ಕೈ ಮುಗಿದರು. ಮುಂದಿನ ತಿಂಗಳು ಶಕ್ತಿವರ್ಧಕ ಔಷಧಿಯ ಪೈಲ್ವಾನ ಹೊನ್ನಿಯ ವೈರಿಯಾದ. ಹೀಗೇ ನಡೆಯಿತು. ಯಾರಿಗೂ ನಷ್ಟವಿಲ್ಲವೆಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಆಮೇಲೆ ನಿಮ್ಮತ್ತೆ ಕಾಶಿಬಾಯಿ ಕಲ್ಯಾಣಿಗೆ ಬಂದರು. ಅಕ್ಕ ಹೊನ್ನಿಯ ಮಾತೆತ್ತಿದ್ದೇ ತಡ, ತಂಗಿ ಹುಬ್ಬೇರಿಸಿದರು: "ಅದು ನಿಂತೇ ಹೋಯ್ತಲ್ಲಕ್ಕ! ನಮ್ಮ ಶಾಂತಾ ಹೇಳಿದ್ಲು." ನಮ್ಮತ್ತೆ ನಗುತ್ತ ನನ್ನ ಕಡೆ ತಿರುಗಿದರು. "ನಿಂತದೇನವ್ವ?" ಹೂಂ ಎನ್ನಬಹುದಿತ್ತು. ಬೈಗುಳ ತಿಂದು, ಒಂದು ದಿನ ಅತ್ತು, ಮುಗಿಸಬಹುದಿತ್ತು. ನಾನು ಅಂದದ್ದು —

"ಇಲ್ರಿ. ಶಾಂತಾಗ ಓದಾಕ ಬ್ಯಾಸರಾಗಿರಬೇಕು."

ಅಷ್ಟೇ ಮಾತು. ಅದರ ಫಲ ನನಗೆ ತಿಳಿದದ್ದು ಚೊಚ್ಚಲ ಬಾಣಂತನಕ್ಕೆ ಹುಮನಾಬಾದಿನಲ್ಲೇ ಇದ್ದ ನನ್ನ ತವರಿಗೆ ಬಂದಾಗ. ಕಾಶಿಬಾಯಿ ನಿಮ್ಮ ಮನೆಗೆ ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದ್ದರು. ನಿನ್ನ ಮಧ್ಯಾಹ್ನವೂ ಬೀಸುವ ಕಲ್ಲಿನ ಪಾಲಾಗಿತ್ತು. ಮನೆಮಂದಿಯೆಲ್ಲ ನಿನ್ನನ್ನು ಓದುಗಳ್ಳಿ ಎಂದು ಆಡಿಕೊಳ್ಳುತ್ತಿದ್ದರು. ನನಗೆ ಯಾವ ಹೊತ್ತು ಬೇಕಾಗಿತ್ತೋ, ನಿನ್ನ ಆ ಹೊತ್ತನ್ನೇ ನಾನು ಕಸಿದಿದ್ದೆ.

ನೀನು ಬಾಣಂತಿಗೆಂದು ಅಂಟಿನುಂಡಿ ಕಟ್ಟಿಕೊಂಡು ಅತ್ತೆಯ ಜೊತೆ ನನ್ನನ್ನು ನೋಡಲು ಬಂದೆ. ಕಾಶಿಬಾಯಿ ನನ್ನಿಂದ ಹೊನ್ನಿಯ ಕಥೆ ಹೇಳಿಸಿ, ನಿನ್ನ ಕಡೆ ತಿರುಗಿ, "ಕೇಳಿದಿ? ಓದೋದಂದ್ರ ಹಿಂಗ!" ಎಂದರು. ನೀನು ತಲೆ ತಗ್ಗಿಸಿದೆ. ಆಗಲೂ ನಾನು ನಿಜ ಬಾಯಿ ಬಿಡಲಿಲ್ಲ, ಶಾಂತಾ. ಅವರು ನಮ್ಮವ್ವನ ಜೊತೆ ಹಿತ್ತಲಿಗೆ ಹೋದ ಮೇಲೆ ನೀನೇ ಮೆಲ್ಲಗೆ ಹೇಳಿದೆ: "ಆ ಎರಡು ಸಾಲು ನಾ ಭಾಳ ಸಲ ಓದೀನ್ರಿ ಅಕ್ಕಾ. ನಿಂತದ್ದು ಖರೇ ಅದ."

ನೀನು ನನ್ನ ಮಗುವನ್ನು ಎತ್ತಿಕೊಂಡು, ತಟ್ಟುತ್ತ, ಮುಂದುವರಿಸಿದೆ —

"ಆದ್ರ ಆಕಿ ಇನ್ನೂ ನೀರಾಗೇ ನಿಂತಾಳಂತ ನನಗ ಭಾಳ ಸಂಕಟಾಗ್ತಿತ್ತು. ಹ್ಯಾಂಗ ದಾಟಿದ್ಲರಿ? ಅದನ್ನ ಹೇಳ್ರಿ."

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅತ್ತೆಗೆ ದಾಟಿದಳೆಂದರೆ ಸಾಕಾಗಿತ್ತು. ಹೇಗೆಂದು ಕೇಳಿದವಳು ನೀನೊಬ್ಬಳೇ. ನಿನಗಾಗಿ ಆ ಹೊಳೆಯನ್ನು ಇಷ್ಟಿಷ್ಟೇ ದಾಟಿಸಿದೆ — ಕತ್ತೆಯ ಕಿವಿಯಲ್ಲಿ ಹೊನ್ನಿ ಏನು ಅಂದಳು, ಕಾಲಿಗೆ ಯಾವ ಬಂಡೆ ಸಿಕ್ಕಿತು, ಎಲ್ಲ. ಹೊನ್ನಿ ದಡ ಹತ್ತಿದಾಗ ನೀನು ಕಣ್ಣೊರೆಸಿಕೊಂಡೆ. ಬಾಣಂತನ ಮುಗಿಯುವವರೆಗೂ ನೀನು ಬಿಡುವಾದಾಗಲೆಲ್ಲ ಬಂದೆ, ನಾನು ಹೇಳಿದೆ. ಒಮ್ಮೆಯಾದರೂ ನನ್ನನ್ನು ಯಾಕೆ ಹಾಗೆ ಮಾಡಿದಿ ಎಂದು ಕೇಳಲಿಲ್ಲ. ನಿಮ್ಮತ್ತೆಗೆ ಒಂದು ಮಾತು ಹೇಳಿದ್ದರೆ ನನ್ನ ಮಾನ ಹರಾಜಾಗುತ್ತಿತ್ತು. ಹೇಳಲಿಲ್ಲ. ನನ್ನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ಉಪಕಾರವನ್ನು ನನಗೆ ಯಾರೂ ಮಾಡಿಲ್ಲ.

ನಿನ್ನ ಕ್ಷಮೆಯನ್ನೇನೋ ತೆಗೆದುಕೊಂಡೆ. ನಿನ್ನ ಹೆಸರನ್ನು ಮಾತ್ರ ಹಿಂದಿರುಗಿಸಲಿಲ್ಲ. ಕಾಶಿಬಾಯಿ ತಮ್ಮ ಸೊಸೆ ಸುಳ್ಳು ಹೇಳಿದಳೆಂದೇ ನಂಬಿ ತೀರಿಕೊಂಡರು. ಅವರ ಹಾಸಿಗೆಯ ಪಕ್ಕದಲ್ಲಿ ಕೂತಿದ್ದೆ, ಮಾತು ನಾಲಗೆಯ ತುದಿಗೆ ಬಂದು... ಇಲ್ಲ. ಅದಕ್ಕೆ ಯಾವ ನೆವವೂ ನನ್ನಲ್ಲಿಲ್ಲ.

ಮೊನ್ನೆ ಮದುವೆಯಲ್ಲಿ ನಿನ್ನ ಮೊಮ್ಮಗ ನಗುನಗುತ್ತ, "ನಮ್ಮಜ್ಜಿ ಓದುಗಳ್ಳಿ!" ಎಂದ. ನೀನೂ ನಕ್ಕೆ. ನನಗೆ ನಗಲಾಗಲಿಲ್ಲ. ಬರುವ ಸೋಮವಾರ ನಿಮ್ಮ ಮನೆಗೆ ಬರುತ್ತೇನೆ. ಮಗ, ಸೊಸೆ, ಮೊಮ್ಮಕ್ಕಳನ್ನೆಲ್ಲ ಕೂರಿಸಿರು. ಅಜ್ಜಿ ಖರೇ ಓದಿದ್ದಳು, ಕಳ್ಳಿ ನಾನು ಎಂದು ಅವರ ಮುಂದೆ ನಾನೇ ಹೇಳಬೇಕು. ದಯಮಾಡಿ, ಈ ಸಲ ನನ್ನನ್ನು ಕಾಪಾಡಬೇಡ.