ಹೆಣ್ಣು ಸೀರೆ ಉಡುವ ಹೊತ್ತು

ವಂಡ್ಸೆಯ ಅರ್ಧಕ್ಕರ್ಧ ಗಂಡಸರ ಮೂಗು ಒರೆಸಿದವಳು ಸುಂದರಿ ಟೀಚರ್. ಅಂಗನವಾಡಿ ಟೀಚರ್. ಈಗ ಮೀಸೆ ತಿರುವಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ರಾಜಕೀಯ ಮಾತಾಡುವವರೆಲ್ಲ ಒಂದು ಕಾಲದಲ್ಲಿ ಅವಳ ಸೆರಗು ಹಿಡಿದು ಅತ್ತವರೇ. ಆದರೂ ಹತ್ತು ಜನ ಕೂತಲ್ಲಿ ಸುಂದರಿ ಬಾಯಿ ಬಿಟ್ಟದ್ದನ್ನು ಯಾರೂ ಕಂಡಿಲ್ಲ. ಹುಟ್ಟಿದ್ದು ಅಮಾಸೆಬೈಲಿನಲ್ಲಿ. ತನ್ನ ಗಂಡ ಹೇಗಿದ್ದಾನೆಂದು ಅವಳು ನೋಡಿದ್ದು ಧಾರೆಯ ಮಂಟಪದಲ್ಲಿ. ಪುಣ್ಯಕ್ಕೆ ಒಳ್ಳೆಯವನೇ ಸಿಕ್ಕಿದ. ಅವನು ತೀರಿಕೊಂಡ ಮೇಲೆ ಮನೆಯ ದೊಡ್ಡ ತೀರ್ಮಾನಗಳೆಲ್ಲ ಅವಳ ಅಣ್ಣ ಕಿಟ್ಟನ ಕೈಗೆ ಹೋದವು. ಕುಂದಾಪುರದಲ್ಲಿ ಹೋಟೆಲು ಇಟ್ಟವನು, ಜೋರಿನ ಮನುಷ್ಯ. ಅವರ ಜನ ಕುಲ ಎಣಿಸುವುದು ತಾಯಿಯ ಕಡೆಯಿಂದ. ಹೆಣ್ಣಿಗೆ ಎಂಥಾ ಸ್ಥಾನ ಎಂದು ಹೊರಗಿನವರು ಬಂದು ಹೊಗಳುತ್ತಾರೆ. ಹೊಗಳಲಿ ಪಾಪ. ಆ ತಾಯಿಯ ಬದಲಿಗೆ ಮಾತಾಡುವುದು ಸೋದರಮಾವ ಎನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು.

ಸುಂದರಿಗೆ ಇಬ್ಬರು ಮಕ್ಕಳು. ಮಗ ಉಲ್ಲಾಸ್ ಮಾವನ ಹೋಟೆಲಿನಲ್ಲೇ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ. ಮಗಳು ಸೌಮ್ಯಶ್ರೀ ಬ್ರಹ್ಮಾವರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಸುರಕ್ಷಾ ಎಂಬವಳ ಜೊತೆ ಬಾಡಿಗೆ ಕೋಣೆ ಮಾಡಿಕೊಂಡಿದ್ದಳು. ಗಂಡು ಹುಡುಕುವ ಮಾತು ಬಂದಾಗ ಆ ಹುಡುಗಿ ಸುತ್ತಿ ಬಳಸಲಿಲ್ಲ. ಅಡುಗೆಮನೆಯಲ್ಲಿ ತಾಯಿಯ ಎದುರು ಕುಕ್ಕರಗಾಲಿನಲ್ಲಿ ಕೂತು ಹೇಳಿದಳು.

"ಅಮ್ಮ, ನಂಗ್ ಗಂಡ್ ಕಾಂಬುದ್ ಬ್ಯಾಡ. ನಾನ್ ಸುರಕ್ಷಾನ್ ಒಟ್ಟಿಗೇ ಇಪ್ಪುದ್. ಗಂಡ ಹೆಂಡ್ತಿ ಇದ್ದಂಗೆ ಅಂದ್ಕೋ."

ಸುಂದರಿ ಕೇಳಿಸದವಳ ಹಾಗೆ ಕಾಯಿ ತುರಿಯುತ್ತಲೇ ಇದ್ದಳು. ಬೈಯಲಿಲ್ಲ, ಯಾರಿಗೂ ಹೇಳಲಿಲ್ಲ, ಗಂಡು ಹುಡುಕುವುದನ್ನೂ ನಿಲ್ಲಿಸಲಿಲ್ಲ. ಆ ಮಳೆಗಾಲದಲ್ಲಿ ಸೌಮ್ಯಶ್ರೀ ಇಲಿಜ್ವರ ಬಂದು ತೀರಿಕೊಂಡಳು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಊಟ ನಿದ್ದೆ ಬಿಟ್ಟು ಕೂತವಳು ಸುರಕ್ಷಾ. ಉತ್ತರಕ್ರಿಯೆಯ ದಿನದ ಬೊಜ್ಜದ ಊಟಕ್ಕೆ ಅವಳನ್ನು ಯಾರೂ ಕರೆಯಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಸತ್ತವರನ್ನಾದರೂ ಸುಮ್ಮನೆ ಬಿಟ್ಟರೆ ತಾನೆ. ಉಲ್ಲಾಸನ ಹೆಂಡತಿ ಶ್ರೀಲತಾಗೆ ಎರಡು ಸಲ ಗರ್ಭ ಇಳಿಯಿತು. ಮತ್ತೆ ಬಸಿರು ನಿಂತಾಗ ಕಿಟ್ಟ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದ. ಮದುವೆಯಾಗದೆ ಸತ್ತ ಹೆಣ್ಣೊಂದು ಹೊಸ್ತಿಲಲ್ಲಿ ನಿಂತಿದೆ, ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ ಎಂದರು ಜೋಯಿಸರು. ಅಂದಿನಿಂದ ಶ್ರೀಲತಾ ಹೊಸ್ತಿಲು ದಾಟುವಾಗ ಯಾರಿಗೋ ಜಾಗ ಬಿಟ್ಟವಳ ಹಾಗೆ ಮೈ ಓರೆ ಮಾಡಿ ದಾಟತೊಡಗಿದಳು. ತಾನೂ ಹಾಗೆಯೇ ದಾಟುತ್ತಿದ್ದೇನೆ ಎನ್ನುವುದು ಸುಂದರಿಗೆ ಒಂದು ಬೆಳಿಗ್ಗೆ ಫಕ್ಕನೆ ಗಮನಕ್ಕೆ ಬಂತು.

"ಅದ್ಕೊಂದ್ ಮದಿ ಮಾಡಿ ಕಳ್ಸುವ," ಎಂದ ಕಿಟ್ಟ. "ಅದರ್ ಪಾಡಿಗ್ ಅದ್ ಗಂಡನ್ ಮನಿಗ್ ಹೋಯ್ಲಿ."

ಸತ್ತ ಹೆಣ್ಣಿಗೆ ಸತ್ತ ಗಂಡನ್ನೇ ಹುಡುಕಿ ಮಾಡುವ ಮದುವೆ ಕೆಲವು ಮನೆಗಳಲ್ಲಿ ಇನ್ನೂ ಉಂಟು. ಗಂಡು ಸಿಕ್ಕಿದ್ದು ಕೋಡಿಯಲ್ಲಿ. ಚಂದ್ರಮತಿ ಎಂಬವರ ಮಗ ರಂಜನ್, ಎರಡು ವರ್ಷದ ಕೂಸಾಗಿದ್ದಾಗ ಜ್ವರಕ್ಕೆ ಹೋದವನು. ಸತ್ತ ಮಕ್ಕಳೂ ಅಲ್ಲಿ ನಮ್ಮ ಹಾಗೆಯೇ ಬೆಳೆಯುತ್ತಾರಂತೆ. ಆ ಪ್ರಕಾರ ಹುಡುಗನಿಗೆ ಈಗ ಮೂವತ್ತು. ಕೋಡಿಯವರು ಹೆಣ್ಣು ನೋಡಲು ಬಂದರು. ಚಾವಡಿಯಲ್ಲಿ ಒಂದು ಖಾಲಿ ಮಣೆ ಹಾಕಿ, ಅದರ ಮುಂದೆ ಅವಲಕ್ಕಿ, ಬಾಳೆಹಣ್ಣು, ಒಂದು ಲೋಟ ನೀರು ಇಟ್ಟರು. ಬಂದವರು ಮಣೆಯನ್ನು ಮೇಲಿಂದ ಕೆಳಗೆ ನೋಡಿ, ಆಗಬಹುದು ಎಂದು ತಲೆಯಾಡಿಸಿದರು. ನಮ್ಮ ಹುಡುಗನಿಗೆ ಕುಡಿಯುವ ಚಟ ಇಲ್ಲ ಎಂದರು ಹುಡುಗನ ಚಿಕ್ಕಪ್ಪ. ಆ ಒಂದು ಮಾತು ಮಾತ್ರ ಸುಳ್ಳಾಗಿರಲಾರದು. ಆದರೆ ಯಾರೂ ನಗಲಿಲ್ಲ. ಎಲ್ಲರೂ ಎದ್ದಾಗ ಮಣೆಯ ಮುಂದಿನ ಲೋಟದಲ್ಲಿ ಅರ್ಧವೇ ನೀರಿತ್ತು. ಯಾರು ಕುಡಿದರೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಸುಂದರಿ ಒಪ್ಪಿಕೊಂಡಿದ್ದಳು. ಶ್ರೀಲತಾಳ ಹೊಟ್ಟೆಯನ್ನು ಕಣ್ಣೆದುರು ಇಟ್ಟುಕೊಂಡು ಬೇಡ ಎನ್ನುವುದು ಹೇಗೆ. ಬದುಕಿದ್ದಾಗ ಒಲ್ಲೆ ಎಂದವಳ ತಲೆಗೆ ಸತ್ತ ಮೇಲೆ ಗಂಡನ್ನು ಕಟ್ಟುತ್ತಿದ್ದೇವೆ ಎನಿಸಿದಾಗೆಲ್ಲ, ಮಗಳೇ ಇಲ್ಲವಲ್ಲ, ಇನ್ನು ನೋವು ಯಾರಿಗೆ ಎಂದು ತನಗೆ ತಾನೇ ಹೇಳಿಕೊಂಡಳು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಆಸಾಡಿ ತಿಂಗಳಲ್ಲಿ ಬದುಕಿರುವವರು ಮದುವೆ ಇಟ್ಟುಕೊಳ್ಳುವುದಿಲ್ಲ, ಸತ್ತವರಿಗೆ ಅದೇ ಆಗುವ ಕಾಲ. ಅವತ್ತು ಮಧ್ಯಾಹ್ನವೇ ಮೋಡ ಕಟ್ಟಿ, ಚಾವಡಿಯಲ್ಲಿ ಲೈಟು ಹಾಕಬೇಕಾಯಿತು. ಎರಡು ಮಣೆ ಹಾಕಿದ್ದರು. ಗಂಡಿನ ಮಣೆಯ ಮೇಲೆ ಪಂಚೆ, ಶಲ್ಯ ಇಟ್ಟಾಗಿತ್ತು. ಕೋಡಿಯವರು ತಂದ ಕೆಂಪು ಧಾರೆ ಸೀರೆ, ಗಾಜಿನ ಬಳೆ, ಮಲ್ಲಿಗೆ ಒಂದು ಹರಿವಾಣದಲ್ಲಿ ಸುಂದರಿಯ ಕೈಗೆ ಬಂತು.

"ಹೆಣ್ಣ್ ಸೀರಿ ಉಟ್ಕಣ್ಲಿ, ಹೊತ್ತ್ ಕೊಡಿ," ಎಂದರು ಚಂದ್ರಮತಿ.

ಅದು ಪದ್ಧತಿ. ಹರಿವಾಣವನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕುತ್ತಾರೆ, ತಾಯಿ ಒಳಗೆ ಜೊತೆಗಿರುತ್ತಾಳೆ. ಸತ್ತ ಹುಡುಗಿ ಸೀರೆ ಉಟ್ಟು ಮುಗಿಸುವಷ್ಟು ಹೊತ್ತು ಹೊರಗಿನವರೆಲ್ಲ ಕಾಯುತ್ತಾರೆ. ಆಮೇಲೆ ಆ ಸೀರೆಯನ್ನು ತಂದು ಮಣೆಯ ಮೇಲಿಟ್ಟರೆ ಹೆಣ್ಣು ಬಂದು ಕೂತ ಹಾಗೆ. ಧಾರೆ ಎರೆಯುತ್ತಾರೆ.

ಸುಂದರಿ ಬಾಗಿಲು ಹಾಕಿದಳು. ಸೀರೆಯ ಮಡಿಕೆ ಬಿಚ್ಚಿ, ಒಂದು ಸಲ ಕೊಡವಿ, ಮಂಚದ ಮೇಲೆ ಉದ್ದಕ್ಕೆ ಹರವಿದಳು. ಬೆಳೆದ ಮಗಳು ಬಟ್ಟೆ ಬದಲಿಸುವಾಗ ತಾಯಂದಿರು ಮಾಡುವ ಹಾಗೆ ಗೋಡೆಯ ಕಡೆ ಮುಖ ಮಾಡಿ ಕೂತಳು. ಹೊರಗೆ ಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಸೀರೆ ಸರಿದ ಸದ್ದು ಕೇಳಿಸಿತು.

ಬೆಕ್ಕು ಇರಬೇಕು ಎಂದುಕೊಂಡಳು. ಬಾಗಿಲು, ಕಿಟಕಿ ಎರಡೂ ಹಾಕಿದ್ದವು, ಬೆಕ್ಕು ಎಲ್ಲಿಂದ ಬರಬೇಕು. ಸದ್ದು ಅವಸರದ್ದಲ್ಲ. ಬಟ್ಟೆಯನ್ನು ಕೈಯಿಂದ ಕೈಗೆ ತೆಗೆದುಕೊಳ್ಳುವ, ನಡುವೆ ಒಮ್ಮೆ ನಿಂತು ಮತ್ತೆ ಶುರುವಾಗುವ ಸದ್ದು. ಉಡುತ್ತಿದ್ದಾಳೆ. ಇವಳೂ ನನ್ನ ಹಾಗೇ ಒಪ್ಪಿಕೊಂಡುಬಿಟ್ಟಳು ಎಂದು ಸುಂದರಿಗೆ ಸಂಕಟವಾಯಿತು. ಇನ್ನು ಬಳೆ ತೊಡಬೇಕು, ಆ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ.

ತಿರುಗಿ ನೋಡಿದರೆ ಮಂಚ ಖಾಲಿ. ಸೀರೆ ವಾಪಸು ಹರಿವಾಣದಲ್ಲಿತ್ತು. ಅಂಗಡಿಯ ಉದ್ದ ಮಡಿಕೆಯಲ್ಲ, ಅಂಚು ಒಳಗೆ ಹೋಗುವ ಹಾಗೆ ಮಾಡಿದ ಸಣ್ಣ ಚೌಕ ಮಡಿಕೆ. ಸೌಮ್ಯಶ್ರೀ ತನ್ನ ಬಟ್ಟೆಯನ್ನೆಲ್ಲ ಹಾಗೆ ಮಡಚುತ್ತಿದ್ದಳು, ಆ ಮನೆಯಲ್ಲಿ ಬೇರೆ ಯಾರಿಗೂ ಆ ತಾಳ್ಮೆಯಿಲ್ಲ. ಬಳೆ, ಮಲ್ಲಿಗೆ ಇಟ್ಟಲ್ಲೇ ಇದ್ದವು. ಸುಂದರಿಗೆ ಭಯವಾಗಬೇಕಿತ್ತು. ಆದದ್ದು ನಾಚಿಕೆ. ಒಮ್ಮೆ ಬಾಯಿಬಿಟ್ಟು ಹೇಳಿದವಳಿಗೆ ಸತ್ತ ಮೇಲೆ ಬಂದು ಇನ್ನೊಮ್ಮೆ ಹೇಳುವ ಕೆಲಸ ಕೊಟ್ಟೆನಲ್ಲ ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಹರಿವಾಣ ಎತ್ತಿಕೊಂಡು ಹೊರಗೆ ಬಂದಳು.

"ಅದ್ ಉಟ್ಕಣ್ಲಿಲ್ಲೆ," ಎಂದಳು.

ಕಿಟ್ಟ ಎದ್ದು ನಿಂತ.

"ಎಂತ ಹೇಳ್ತೆ ನೀನ್? ಸೀರಿ ತಂದ್ ಮಣಿ ಮೇಲ್ ಇಡ್."

"ಉಡ್ದೇ ಇಪ್ಪ ಸೀರಿ ಇಡುಕೆ ಆತಿಲ್ಲೆ ಅಣ್ಣಯ್ಯ. ಅದ್ಕ್ ಈ ಮದಿ ಬ್ಯಾಡ. ಬದ್ಕಿಪ್ಪತ್ತಿಗೇ ನಂಗ್ ಹೇಳಿತ್ತ್."

"ನೀನೇ ಮಡ್ಚಿ ತಂದದ್ದ್ ಅದ್. ಸತ್ತವ್ರ್ ಬಂದ್ ಸೀರಿ ಮಡ್ಚುದ್ ಉಂಟಾ?"

ಸುಂದರಿ ಅಣ್ಣನ ಮುಖವನ್ನು ನೆಟ್ಟಗೆ ನೋಡಿದಳು. ದನಿ ಎತ್ತರಿಸಲಿಲ್ಲ, ಮಕ್ಕಳಿಗೆ ಅರ್ಥ ಮಾಡಿಸುವಷ್ಟೇ ನಿಧಾನವಾಗಿ ಕೇಳಿದಳು.

"ಮಡ್ಚುಕೆ ಬತ್ತಿಲ್ಲೆ ಅಂದ್ರೆ ಉಡುಕೂ ಬತ್ತಿಲ್ಲೆ. ಹಂಗಾರೆ ಈಗ ನೀವ್ ಧಾರಿ ಎರೂದ್ ಯಾರಿಗೆ?"

ಹುಡುಗಿ ಬಂದಿದ್ದಾಳೆ ಎಂದರೂ ಮದುವೆಯಿಲ್ಲ, ಬಂದಿಲ್ಲ ಎಂದರೂ ಮದುವೆಯಿಲ್ಲ. ಚಂದ್ರಮತಿ ಎದ್ದು ಬಂದು ಸುಂದರಿಯ ಕೈಯಿಂದ ಹರಿವಾಣ ತೆಗೆದುಕೊಂಡರು. "ಮನ್ಸಿಲ್ದಿಪ್ಪ ಹೆಣ್ಣ್ ನಮ್ ಮಾಣಿಗೂ ಬ್ಯಾಡ," ಎಂದರು. ಮಗನ ಪಂಚೆ ಶಲ್ಯವನ್ನು ತಾವೇ ಎತ್ತಿ ಎದೆಗವಚಿಕೊಂಡು ಅಂಗಳಕ್ಕಿಳಿದರು. ಕೋಡಿಯವರು ಊಟ ಮಾಡದೆ ಹೊರಟರು. ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದು ಹೇಳಿ ಕಿಟ್ಟನೂ ಹೊರಟ. ಉಲ್ಲಾಸ್ ತಾಯಿಯ ಕಡೆ ನೋಡದೆ ಮಾವನನ್ನು ಬಿಟ್ಟುಬರಲು ಕಾರು ತೆಗೆದ.

ಚಾವಡಿಯಲ್ಲಿ ಉಳಿದದ್ದು ಎರಡು ಖಾಲಿ ಮಣೆ, ಅತ್ತೆ ಮತ್ತು ಸೊಸೆ. ಶ್ರೀಲತಾ ಕಂಬಕ್ಕೆ ಒರಗಿ, ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದಳು.

"ಅತ್ತೆ, ಈ ಸರ್ತಿಯೂ ಹೆಚ್ಚು ಕಮ್ಮಿ ಆರೆ?"

ಸುಂದರಿ ಹತ್ತಿರ ಹೋಗಿ ಅವಳನ್ನು ಕೂರಿಸಿದಳು. ಅವಳ ಕೈ ತಣ್ಣಗಿತ್ತು, ತನ್ನದೂ ತಣ್ಣಗೇ ಇತ್ತು.

"ಆರೆ ನನ್ನನ್ ಬಯ್ಯ್ ಮಗಾ," ಎಂದಳು. "ಆ ಹೆಣ್ಣನ್ ಬೈಬ್ಯಾಡ. ಅದ್ ಯಾರಿಗ್ ಎಂತ ಮಾಡಿತ್ತ್?"