ಪೋಸ್ಟ್‌ಕಾರ್ಡಿನಲ್ಲಿ ತೆಂಗಿನ ಹಾಲು

ಆ ಹೆಂಗಸಿನ ಕಂಬಳಿ ಒಂದು ಕಾರ್ಡಿನಲ್ಲಿ ಕೆಂಪಾಗಿತ್ತು, ಇನ್ನೊಂದರಲ್ಲಿ ಹಸಿರು. ಹೆಂಗಸು ಮಾತ್ರ ಒಬ್ಬಳೇ. ತಲೆಯ ಮೇಲಿನ ಮಣ್ಣಿನ ಕೊಡ ಅದೇ, ಗಲ್ಲದ ಮಚ್ಚೆ ಅದೇ, ಬೆನ್ನ ಹಿಂದೆ ಮಣ್ಣಿನ ಮನೆಗೆ ಒರಗಿಸಿದ ಏಣಿಯ ಮುರಿದ ಮೆಟ್ಟಿಲೂ ಅದೇ. ಕೆಳಗೆ ಅಚ್ಚಾಗಿದ್ದ ಊರಿನ ಹೆಸರುಗಳು ಬೇರೆಬೇರೆ. ಅವಳ ಹೆಸರು ಎರಡರಲ್ಲೂ ಇರಲಿಲ್ಲ.

ಇದನ್ನು ಮೇಡಂಗೆ ತೋರಿಸಿದೆ.

"ಎಂಥ ಕಣ್ಣು ನಿನ್ನದು!" ಎಂದು ಅವರು ನಕ್ಕರು. "ಕಪ್ಪು-ಬಿಳುಪು ಫೋಟೋಗೆ ಬಣ್ಣ ಹಚ್ಚುವವನು ತನಗೆ ತೋಚಿದ್ದು ಹಚ್ಚುತ್ತಿದ್ದ. ಯಾವ ಊರಿನವಳಾದರೇನು? ರೈಲಿನಲ್ಲಿ ಬರುವವರಿಗೆ ಬೇಕಿದ್ದದ್ದು ಒಬ್ಬಳು ಹೆಂಗಸು, ಒಂದು ಕೊಡ."

ಮೇಡಂ ಎಂದರೆ ಅಪ್ಪನ ಮ್ಯಾನೇಜರರ ಹೆಂಡತಿ, ಅಮೆರಿಕದವರು. ಅಪ್ಪ ಕುವೈತಿನ ಅಹ್ಮದಿಯಲ್ಲಿ ತೈಲದ ಕೆಲಸ ಗುತ್ತಿಗೆಗೆ ಹಿಡಿಯುವ ಒಂದು ಸಂಸ್ಥೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಮಂಗಳೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ಫಹಾಹೀಲಿನ ನಮ್ಮ ಫ್ಲಾಟಿಗೆ ಮರಳಿದ್ದೆ. ಮದುವೆ ಗೊತ್ತಾಗಿತ್ತು, ಕೆಲಸ ಸಿಕ್ಕಿರಲಿಲ್ಲ. ಮಗಳು ಓದಿದವಳು ಎಂದು ಅಪ್ಪ ಆಫೀಸಿನಲ್ಲಿ ಹೇಳಿಕೊಂಡಿದ್ದರಿಂದ ಮೇಡಂ ತಮ್ಮ ಹಳೆಯ ಕಾರ್ಡುಗಳನ್ನು ಆಲ್ಬಮ್ಮಿಗೆ ಸೇರಿಸಿಕೊಡಲು ನನ್ನನ್ನು ಕರೆದರು. "ದೊಡ್ಡ ಜನ, ಇಲ್ಲ ಅನ್ನಬಾರದು" ಎಂದರು ಅಪ್ಪ. ಗುರುವಾರ ಮಧ್ಯಾಹ್ನಗಳಲ್ಲಿ ನಾನು ಅಹ್ಮದಿಯ ಆ ಹುಲ್ಲುಹಾಸಿನ ಬಂಗಲೆಗೆ ಹೋಗುತ್ತಿದ್ದೆ. ಪ್ರತಿಯಾಗಿ ಕೇಕ್ ಕೊಡುತ್ತಿದ್ದರು.

ಕಾರ್ಡುಗಳೆಲ್ಲ ಪುಯೆಬ್ಲೊ ಜನರವು. ಅಮೆರಿಕದ ನೈಋತ್ಯದ ಮರುಭೂಮಿಯಲ್ಲಿ, ಒಂದರ ಮೇಲೊಂದು ಪೇರಿಸಿಟ್ಟಂಥ ಮಣ್ಣಿನ ಮನೆಗಳಲ್ಲಿ ಬಾಳುವ ಮೂಲನಿವಾಸಿಗಳು. ಮೇಡಂ ಅವರ ಅಜ್ಜ ಅಲ್ಲಿನ ಒಂದು ರೈಲು ನಿಲ್ದಾಣದ ಬಳಿ ಅಂಗಡಿ ಇಟ್ಟುಕೊಂಡು ಇವನ್ನು ಮಾರುತ್ತಿದ್ದರಂತೆ. ಗುಮ್ಮಟದ ಆಕಾರದ ಒಲೆಯಿಂದ ಉದ್ದ ಹಿಡಿಕೆಯ ಹಲಗೆಯಲ್ಲಿ ರೊಟ್ಟಿ ತೆಗೆಯುವವಳು, ಸಾಲಾಗಿ ಮಂಡಿಯೂರಿ ಕಲ್ಲಿನ ಮೇಲೆ ಮೆಕ್ಕೆಜೋಳ ಅರೆಯುವ ಹುಡುಗಿಯರು, ಗೋಡೆಯ ತುಂಬ ನೇತುಬಿಟ್ಟ ಮೆಣಸಿನಕಾಯಿಯ ಸರಗಳು, ಮಡಕೆಗೆ ಗೆರೆ ಬರೆಯುವ ಮುದುಕಿ. ಮೊದಲ ದಿನ ನನಗೆ ಇಷ್ಟವಾದವು, ಸುಳ್ಳೇಕೆ ಹೇಳಲಿ. ಒಂದರಲ್ಲಿ ಮಣ್ಣಿನ ಇಗರ್ಜಿಯೂ ಇತ್ತು, ಸಂತರ ಹಬ್ಬವಿರಬೇಕು. ಆ ಜನ ಪೂಜೆಗೂ ಹೋಗುತ್ತಾರೆ, ಇಗರ್ಜಿಯ ಮುಂದೆ ತಮ್ಮ ಹಳೆಯ ಕುಣಿತವನ್ನೂ ಕುಣಿಯುತ್ತಾರೆ ಎಂದು ತಿಳಿದಾಗ, ಕ್ರೈಸ್ತರಾಗಿಯೂ ಹಳೆಯ ಶಾಸ್ತ್ರಗಳನ್ನು ಬಿಡದ ನಮ್ಮ ಮನೆಯವರ ನೆನಪೇ ಬಂತು.

ಜೋಳ ಅರೆಯುವವರ ಕಾರ್ಡಿನ ಮೂಲೆಯಲ್ಲಿ, ಕಂಬಳಿಯ ಅಂಚಿನಿಂದ, ಹೊಲಿಗೆ ಯಂತ್ರದ ಕಬ್ಬಿಣದ ಕಾಲು ಇಣುಕುತ್ತಿತ್ತು. ಯಾರೋ ಅದನ್ನು ಬೇಕೆಂದೇ ಮುಚ್ಚಿದ್ದರು. ಆ ಮನೆಯವಳು ಹೊಲಿಗೆ ಯಂತ್ರ ಇಟ್ಟುಕೊಂಡವಳು ಎಂಬುದು ಕೊಳ್ಳುವವರಿಗೆ ತಿಳಿಯಬಾರದಿತ್ತು.

"ಈಗ ಅಲ್ಲಿ ಎಷ್ಟೋ ಕಡೆ ಹಬ್ಬಕ್ಕೆ ಕ್ಯಾಮೆರಾ ಒಯ್ಯಲಿಕ್ಕೇ ಬಿಡುವುದಿಲ್ಲ" ಎಂದು ಮೇಡಂ ಒಮ್ಮೆ ನಿಟ್ಟುಸಿರಿಟ್ಟರು. "ಕಿತ್ತುಕೊಂಡುಬಿಡುತ್ತಾರೆ. ಅಜ್ಜನ ಕಾಲ ಸುಲಭವಾಗಿತ್ತು."

ಸುಲಭ. ಆ ಮಾತು ಕೇಳಿಯೂ ನಾನು ಕಾರ್ಡನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಜಾರಿಸಿದೆ.

ಮದುವೆಯನ್ನು ಕುವೈತಿನಲ್ಲೇ ಮಾಡಬೇಕಾಯಿತು. ಹುಡುಗನಿಗೂ ಅಪ್ಪನಿಗೂ ಒಟ್ಟಿಗೆ ರಜೆ ಸಿಗಲಿಲ್ಲ. ಹಾಗಾಗಿ ರೋಸ್ ಕೂಡ ಫಹಾಹೀಲಿನ ಫ್ಲಾಟಿನಲ್ಲೇ ಆಯಿತು. ರೋಸ್ ಎಂದರೆ ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ಮದುಮಗಳ ತಲೆಗೆ ತೆಂಗಿನ ಹಾಲು ಎರೆಯುವ ಶಾಸ್ತ್ರ. ಮೊದಲು ಹಣೆಗೆ ಎಣ್ಣೆಯಲ್ಲಿ ಶಿಲುಬೆಯ ಗುರುತು, ಆಮೇಲೆ ಮನೆಯವರು, ನಂಟರು ಒಬ್ಬೊಬ್ಬರಾಗಿ ಬಂದು ಹಾಲು ಹಚ್ಚಿ, ಎರೆದು, ಆಶೀರ್ವದಿಸಿ ಹೋಗುತ್ತಾರೆ. ಹಿರಿಯ ಹೆಂಗಸರು ವೊವಿಯೊ ಎಂಬ ಮದುವೆಯ ಹಾಡುಗಳನ್ನು ಹಾಡುತ್ತಾರೆ. ಕನ್ನೆಯಾಗಿ ಅಪ್ಪ ಅಮ್ಮನ ಕೈಯಲ್ಲಿ ಮೀಯುವ ಕೊನೆಯ ಸ್ನಾನ ಅದು.

ಊರಿನಲ್ಲಾದರೆ ಅಂಗಳವಿದೆ, ಹಾಲು ಮಣ್ಣಿಗಿಳಿಯುತ್ತದೆ. ಫ್ಲಾಟಿನ ಕಾರ್ಪೆಟ್ಟಿನ ಮೇಲೆ ಏನು ಮಾಡುವುದು? ಕುವೈತಿನ ನಮ್ಮವರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು: ಮಕ್ಕಳು ಆಡುವ, ಗಾಳಿ ತುಂಬುವ ನೀಲಿ ರಬ್ಬರಿನ ಕೊಳ. ಬಾತುಕೋಳಿಯ ಚಿತ್ರಗಳಿದ್ದ ಅಂಥದ್ದೊಂದನ್ನು ಹಾಲ್‌ನ ನಡುವೆ ಇಟ್ಟು, ಅದರಲ್ಲಿ ಸ್ಟೂಲು ಹಾಕಿ ನನ್ನನ್ನು ಕೂರಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾಯಿ ಫಹಾಹೀಲ್ ಮಾರುಕಟ್ಟೆಯದು, ಹಾಲು ಹಿಂಡಿದ್ದು ಅಮ್ಮ.

ಅಮ್ಮನೇ ಮೇಡಂ ಅವರನ್ನು ಕರೆದಿದ್ದರು. ಮ್ಯಾನೇಜರರ ಹೆಂಡತಿ ನಮ್ಮ ಮನೆಯ ಶಾಸ್ತ್ರಕ್ಕೆ ಬರುವುದೆಂದರೆ ಅವರಿಗೆ ದೊಡ್ಡ ಮರ್ಯಾದೆ. ಮೇಡಂ ಕ್ಯಾಮೆರಾ ತಂದಿದ್ದರು. ವಿಡಿಯೋದವನೂ ಇದ್ದನಲ್ಲ, ಯಾರಿಗೂ ಏನೂ ಅನಿಸಲಿಲ್ಲ. ನನಗೂ.

ಮದುವೆಯಾಗಿ ನಾನು ಕುವೈತಿನಲ್ಲೇ ಇರುವ ಸಾಲ್ಮಿಯಾಕ್ಕೆ, ಗಂಡನ ಮನೆಗೆ ಹೋದೆ. ಕೆಲವು ತಿಂಗಳ ನಂತರ ಒಂದು ಶುಕ್ರವಾರ ತವರಿಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೈ ಹಿಡಿದು ಶೋಕೇಸಿನ ಹತ್ತಿರ ಎಳೆದುಕೊಂಡು ಹೋದರು. ಮನೆಯಲ್ಲಿ ನಮ್ಮದು ಕೊಂಕಣಿ. ಅಮ್ಮನ ಮಾತನ್ನು ಇಲ್ಲಿ ನಮ್ಮೂರಿನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ನೋಡು ಮಾರಾಯ್ತಿ! ನಿನ್ನದು ಕಾರ್ಡ್ ಮಾಡಿದ್ದಾರೆ ಮೇಡಂ. ಎಷ್ಟು ಚಂದ ಬಂದಿದೆ!"

ಬಾಲಯೇಸುವಿನ ಪ್ರತಿಮೆಯ ಪಕ್ಕ ನಾನಿದ್ದೆ. ಕಣ್ಣು ಮುಚ್ಚಿದ್ದೇನೆ, ಬಾಯಿ ಸ್ವಲ್ಪ ತೆರೆದಿದೆ, ಕೂದಲಿನಿಂದ ಹಾಲು ಇಳಿಯುತ್ತಿದೆ. ಹಳೆಯ ನೈಟಿ ಮೈಗೆ ಅಂಟಿದೆ. ರಬ್ಬರಿನ ಕೊಳ ಇಲ್ಲ, ಬಾತುಕೋಳಿ ಇಲ್ಲ, ಸೋಫಾ ಇಲ್ಲ, ಕಿಟಕಿಯ ಎ.ಸಿ. ಇಲ್ಲ. ಎಲ್ಲವನ್ನೂ ಕತ್ತರಿಸಿ, ಬಣ್ಣವನ್ನೂ ತೆಗೆದು, ಕಂದು ಬಣ್ಣದಲ್ಲಿ ನೂರು ವರ್ಷ ಹಳೆಯದೆಂಬಂತೆ ಅಚ್ಚು ಹಾಕಿಸಿದ್ದರು. ಮೇಲಿನಿಂದ ಒಂದು ಕೈ ಮಾತ್ರ ಇಳಿದಿತ್ತು, ಮಣಿಕಟ್ಟಿನವರೆಗೆ.

"ಅದು ನನ್ನ ಕೈ. ಬಳೆ ನೋಡು!" ಎಂದರು ಅಮ್ಮ.

ನಾನು ಕಾರ್ಡಿನ ಹಿಂದೆ ತಿರುಗಿಸಿದೆ. ಇಂಗ್ಲಿಷಿನಲ್ಲಿ ಇಷ್ಟೇ ಇತ್ತು: ಹಿಂದೂ ಮದುಮಗಳ ಶುದ್ಧಿಸ್ನಾನ, ದಕ್ಷಿಣ ಭಾರತ.

ಅಷ್ಟರಲ್ಲಿ ಎದುರು ಫ್ಲಾಟಿನ ಧಾರವಾಡದ ಅಕ್ಕ ಬಂದರು. ಅವರ ಯಜಮಾನರೂ ಅಹ್ಮದಿಯಲ್ಲೇ ಟೆಕ್ನಿಷಿಯನ್. ಹಿಂದಿನ ವಾರ ಅಕ್ಕ ಸಾಲ್ಮಿಯಾದಲ್ಲಿ ವಿದೇಶಿ ಹೆಂಗಸರು ನಡೆಸಿದ ದತ್ತಿ ಮೇಳಕ್ಕೆ ಹೋಗಿದ್ದರು. ಅವರ ಕೈಯಲ್ಲೂ ಅದೇ ಕಾರ್ಡು.

"ಏನ ತಂಗಿ, ಯಾವಾಗ ಹಿಂದೂ ಆದಿ? ನಮಗ ಒಂದ ಮಾತ ಹೇಳಲೇ ಇಲ್ಲಲ್ಲ! ಹೇಳಿದ್ರ ಅರಿಷಿಣ-ಕುಂಕುಮಕ್ಕ ಕರೀತಿದ್ನಿ." ನಗುತ್ತಲೇ ಬಂದವರು ನನ್ನ ಮುಖ ನೋಡಿ ನಿಂತರು. "ಅಲ್ಲಬೇ, ನಮ್ಮ ಪೈಕಿ ಯಾರೂ ಹಿಂಗ ಕಾಯಿ ಹಾಲ ಹೊಯ್ಕೊಳ್ಳೂದಿಲ್ಲ. ಇದೇನಂತ ಬರದಾರ ಅಕಿ? ಅಲ್ಲೆ ಸ್ಟ್ಯಾಂಡಿನ್ಯಾಗ ಇಟ್ಟಿದ್ರು. ಈ ಕಡಿ ಒಂಟಿ, ಆ ಕಡಿ ಡೇರೆ, ನಡುವ ನೀನು. ನನಗ ಸಂಕಟಾತು, ಒಂದ ಎತ್ಕೊಂಡ ಬಂದೆ."

"ಮಾರಲಿಕ್ಕೆ ಇಟ್ಟಿದ್ದರಾ?" ಅಮ್ಮ ಕೇಳಿದರು.

"ಮತ್ತ? ಬಿಟ್ಟಿ ಕೊಡ್ತಾರೇನ್ರಿ?"

ಅಮ್ಮನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹಿಂದೆ ಬರೆದದ್ದು ನನ್ನ ಹೆಸರು ಎಂದುಕೊಂಡಿದ್ದರು. ನಾನು ಓದಿ ಹೇಳಿದೆ. ಅವರು ಶೋಕೇಸಿನ ಕಾರ್ಡನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದರು.

"ಹೆಸರು ಹಾಕಲಿಲ್ಲವಾ? ನನಗೆ ಕೊಡುವಾಗ ನೆನಪಿಗೆ ಅಂತ ಹೇಳಿದರಲ್ಲ!"

ಅಪ್ಪ ಮಲಗುವ ಕೋಣೆಯಿಂದ ಎಲ್ಲ ಕೇಳಿಸಿಕೊಂಡು ಹೊರಗೆ ಬಂದರು. "ಈಗ ಎಂತ ಮಾಡ್ಲಿಕ್ಕಾಗ್ತದೆ? ಆಗಿದ್ದು ಆಯ್ತು. ಖಲಾಸ್. ಸಾವಿರ ಜನ ನಿನ್ನ ವಿಡಿಯೋ ನೋಡಿದ್ದಾರೆ."

"ವಿಡಿಯೋ ನೋಡಿದವರಿಗೆ ನಾನು ಯಾರು ಅಂತ ಗೊತ್ತು ಪಪ್ಪಾ."

"ನನ್ನ ಇಕಾಮಾ ರಿನ್ಯೂ ಆಗ್ಲಿಕ್ಕುಂಟು. ಅದಿಲ್ಲದಿದ್ದರೆ ಈ ದೇಶದಲ್ಲಿ ಇರ್ಲಿಕ್ಕಿಲ್ಲ. ವಯಸ್ಸಾಯಿತು ಅಂತ ಒಬ್ಬೊಬ್ಬರನ್ನೇ ಕಳಿಸ್ತಾ ಇದ್ದಾರೆ. ಮೇಡಂ ಗಂಡನ ಒಂದು ಸಹಿ ಬೇಕು. ಎರಡು ವರ್ಷ ಸುಮ್ಮನಿರು."

ನಾನು ಜೋರಾಗಿ ಮಾತಾಡುವವಳಲ್ಲ. ಆ ದಿನವೂ ಜೋರು ಮಾಡಲಿಲ್ಲ. ಕಾರ್ಡುಗಳೂ ಬೇಕು, ಫಿಲ್ಮೂ ಬೇಕು, ಇವತ್ತೇ ಹೋಗುತ್ತೇನೆ ಎಂದಷ್ಟೇ ಹೇಳಿದೆ. ಅಮ್ಮ ಸೀರೆ ಬದಲಾಯಿಸಿಕೊಂಡು ಬಂದರು. ಅಪ್ಪ ಕಾರಿನ ಕೀಲಿ ತೆಗೆದುಕೊಂಡರು. ಅಹ್ಮದಿಯಲ್ಲಿ ಬಂಗಲೆಯ ಎದುರು ಗಾಡಿ ನಿಲ್ಲಿಸಿ, "ನಾನಿಲ್ಲೇ ಇರ್ತೇನೆ" ಎಂದರು.

ಮೇಡಂ ನಮ್ಮನ್ನು ಕಂಡು ಸಂತೋಷಪಟ್ಟರು. ವಿಷಯ ಹೇಳಿದ ಮೇಲೆ ಅವರ ಮುಖದಲ್ಲಿ ಕಂಡದ್ದು ನೋವು. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ನೋವಾಗುವ ಹಕ್ಕನ್ನೂ ಅವರೇ ತೆಗೆದುಕೊಂಡಿದ್ದರು.

"ನಿನಗೆ ಹೆಮ್ಮೆಯಾಗುತ್ತದೆ ಅಂದುಕೊಂಡಿದ್ದೆ. ಎಷ್ಟು ಸುಂದರವಾಗಿದೆ ನೋಡು. ಅನಾಥ ಮಕ್ಕಳಿಗೆ ಹೋಗುವ ಹಣ ಅದು."

"ನಾನು ಹಿಂದೂ ಅಲ್ಲ, ಅದು ಶುದ್ಧಿಸ್ನಾನವೂ ಅಲ್ಲ."

"ಸರಿ, ಮುಂದಿನ ಸಲ ಅಚ್ಚು ಹಾಕಿಸುವಾಗ ತಿದ್ದಿಸುತ್ತೇನೆ."

"ಮುಂದಿನ ಸಲ ಇಲ್ಲ ಮೇಡಂ. ನನ್ನನ್ನು ಕೇಳಿರಲಿಲ್ಲ."

"ನಿನ್ನ ಹೆಸರೇ ಇಲ್ಲವಲ್ಲ! ಅದು ನೀನು ಅಂತ ಯಾರಿಗೂ ಗೊತ್ತಾಗುವುದಿಲ್ಲ." ಸಮಾಧಾನ ಹೇಳುತ್ತಿದ್ದೇನೆ ಎಂದೇ ಅವರು ನಂಬಿದ್ದರು.

ಗೋಡೆಯ ಮೇಲೆ ಬೆಳ್ಳಿಯ ಚೌಕಟ್ಟಿನಲ್ಲಿ ಅವರ ಮಗಳ ಮದುವೆಯ ಫೋಟೋ ಇತ್ತು. ಕನ್ನಡಿಯ ಮುಂದೆ ಕೂತ ಮಗಳಿಗೆ ಮೇಡಂ ತಾವೇ ಮುಸುಕು ಸಿಕ್ಕಿಸುತ್ತಿದ್ದಾರೆ.

"ಅದನ್ನೂ ಮೇಳದಲ್ಲಿ ಇಟ್ಟಿದ್ದಿರಾ?" ಎಂದು ಕೇಳಿದೆ.

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು. "ಅದು ನಮ್ಮ ಮನೆಯದ್ದು."

ಅಮ್ಮನಿಗೆ ಇಂಗ್ಲಿಷ್ ಅಷ್ಟಿಷ್ಟೇ. ಆದರೆ ಆ ಮಾತು ಅರ್ಥವಾಯಿತು. ತಮ್ಮ ಕೈ ಮುಂದೆ ಚಾಚಿ, ಬಳೆ ತೋರಿಸಿ, ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿದರು: "ಮೈ ಹ್ಯಾಂಡ್. ಮೈ ಡಾಟರ್. ಮೈ ಹೌಸ್." ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಮೇಡಂ ಒಳಗೆ ಹೋಗಿ ಉಳಿದ ಕಾರ್ಡುಗಳ ಕಟ್ಟು ತಂದು ಆ ಕೈಯಲ್ಲಿಟ್ಟರು. ಫಿಲ್ಮ್ ಕೇಳಿದಾಗ ದನಿ ಬದಲಾಯಿತು. "ಅದು ಮಾತ್ರ ಆಗದು. ಚಿತ್ರ ತೆಗೆದದ್ದು ನಾನು. ಅದು ನನ್ನದು." ಬಾಗಿಲವರೆಗೆ ಬಂದು, ಮೆಲ್ಲಗೆ ಮುಚ್ಚಿದರು.

ಆ ಕ್ಷಣದಲ್ಲಿ ನನಗೆ ಕಂಡದ್ದು ಹಬ್ಬದಲ್ಲಿ ಕ್ಯಾಮೆರಾ ಕಿತ್ತುಕೊಳ್ಳುವ ಆ ಊರುಗಳ ಜನ. ಆಲ್ಬಮ್ ಸೇರಿಸುವಾಗ ಅವರದು ಒರಟುತನ ಇರಬಹುದು ಎಂದುಕೊಂಡಿದ್ದೆ. ಅವರು ಅದನ್ನು ಎಷ್ಟು ತಲೆಮಾರು ಕಾದು ಕಲಿತಿರಬೇಕು! ಗಲ್ಲದ ಮೇಲೆ ಮಚ್ಚೆಯಿದ್ದ ಆ ಹೆಂಗಸಿನ ಮೊಮ್ಮಕ್ಕಳು ಯಾವ ಅಂಗಡಿಯಲ್ಲಿ ತಮ್ಮ ಅಜ್ಜಿಯನ್ನು ಕಂಡಿರಬಹುದು, ಕೆಂಪು ಕಂಬಳಿಯಲ್ಲೋ, ಹಸಿರಿನಲ್ಲೋ?

ಅಪ್ಪ ಎ.ಸಿ. ಆರಿಸಿ, ಕಿಟಕಿ ಇಳಿಸಿಕೊಂಡು ಕೂತಿದ್ದರು.

"ಪೂರಾ ಸಿಕ್ಕಿತಾ?"

"ಕಾರ್ಡ್ ಕೊಟ್ಟರು, ಮಾರಿಹೋದದ್ದು ಹೋಯಿತು" ಎಂದರು ಅಮ್ಮ. "ಫಿಲ್ಮ್ ಕೊಡುವುದಿಲ್ಲವಂತೆ. ಅದು ಅವರದ್ದಂತೆ."

ಅಪ್ಪ ಕಿಟಕಿ ಏರಿಸಿದರು. ಆಮೇಲೆ ಕಾರಿನಿಂದ ಇಳಿದು, ಅಂಗಿಯನ್ನು ಪ್ಯಾಂಟಿನೊಳಗೆ ಸರಿಯಾಗಿ ಸಿಕ್ಕಿಸಿ, ಹುಲ್ಲು ತುಳಿಯದೆ ಕಲ್ಲುಹಾದಿಯಲ್ಲೇ ನಡೆದು ಹೋಗಿ ಗಂಟೆ ಒತ್ತಿದರು. ಬಾಗಿಲು ತೆರೆದವರು ಮ್ಯಾನೇಜರ್. ನಮಗೆ ಮಾತು ಕೇಳಿಸಲಿಲ್ಲ. ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಮ್ಯಾನೇಜರ್ ಒಳಗೆ ಹೋದರು, ಬಂದರು, ಒಂದು ಲಕೋಟೆ ಕೊಟ್ಟರು, ಏನೋ ಹೇಳಿದರು. ಅಪ್ಪ ತಲೆ ಆಡಿಸಿದರು.

ಕಾರಿಗೆ ಬಂದು ಲಕೋಟೆಯನ್ನು ನನ್ನ ಮಡಿಲಲ್ಲಿಟ್ಟರು. ಒಳಗೆ ಫಿಲ್ಮಿನ ಪಟ್ಟಿಗಳಿದ್ದವು.

"ರಿನ್ಯೂ ಇಲ್ಲವಂತೆ" ಎಂದರು. "ಇದಕ್ಕಲ್ಲ. ಮೊದಲೇ ತೀರ್ಮಾನ ಆಗಿತ್ತಂತೆ."

"ಮೊದಲೇ ಆಗಿದ್ದರೆ ಮೊದಲೇ ಯಾಕೆ ಹೇಳಲಿಲ್ಲ?" ಅಮ್ಮ ಕೇಳಿದರು.

ಅಪ್ಪ ಗಾಡಿ ಸ್ಟಾರ್ಟ್ ಮಾಡಿದರು.

ಮೊದಲೇ ಆಗಿತ್ತೋ, ಆ ಬಾಗಿಲಲ್ಲಿ ಆಯಿತೋ ನಮಗೆ ಎಂದೂ ತಿಳಿಯಲಿಲ್ಲ. ತಿಳಿಯದ ಹಾಗೆ ಹೇಳುವುದು ಆ ದೊಡ್ಡ ಜನಕ್ಕೆ ಚೆನ್ನಾಗಿ ಬರುತ್ತಿತ್ತು. ಬೇಸಿಗೆಗೆ ಮುಂಚೆ ಅಪ್ಪ ಅಮ್ಮ ಊರಿಗೆ ಹೋದರು. ಅಪ್ಪ ನನ್ನನ್ನು ಒಮ್ಮೆಯೂ ದೂರಲಿಲ್ಲ, ನಾನೂ ಕ್ಷಮೆ ಕೇಳಲಿಲ್ಲ. ಕೇಳಬೇಕಾದವರು ನಾವಲ್ಲ ಎಂಬುದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಆ ಸಂಜೆಯ ಬಗ್ಗೆ ಅಪ್ಪ ಒಂದೇ ಒಂದು ಮಾತು ಹೇಳಿದ್ದು ವಿಮಾನ ನಿಲ್ದಾಣದಲ್ಲಿ, ಸಾಮಾನಿಗೆ ಹಗ್ಗ ಬಿಗಿಯುತ್ತಾ, ನನ್ನ ಕಡೆ ನೋಡದೆ:

"ಅಷ್ಟು ವರ್ಷ ಅವರ ಸ್ಟೋರ್ ನೋಡಿಕೊಂಡೆ. ಒಳಗೆ ಬಾ ಅಂತ ಕರೆಯಲಿಲ್ಲ ನೋಡು. ಹೊರಗೆ ನಿಲ್ಲಿಸಿಯೇ ಮಾತಾಡಿದರು."